ಸೋತ ವರ್ಷವೇ ಯಾಕೆ ನೆಚ್ಚಿನ ವರ್ಷ

ನಾಸಿಕದಲ್ಲೋ ಛತ್ರಪತಿ ಸಂಭಾಜಿನಗರದಲ್ಲೋ ಇರುವ ಕ್ರಿಕೆಟ್ ಅಭಿಮಾನಿಯನ್ನು ನಿಮ್ಮ ನೆಚ್ಚಿನ ರಣಜಿ ವರ್ಷ ಯಾವುದು ಎಂದು ಕೇಳಿದರೆ, ಕಪ್ ಗೆದ್ದ ವರ್ಷವನ್ನು ಅವರು ಹೇಳುವಂತೆಯೇ ಇಲ್ಲ. ಒಂದೇ ರಾಜ್ಯದಲ್ಲಿ ಮೂರು ರಣಜಿ ತಂಡಗಳಿವೆ ಎಂಬುದು ನಮ್ಮ ಕಡೆಯ ಎಷ್ಟೋ ಜನರಿಗೆ ಗೊತ್ತಿರುವುದಿಲ್ಲ. ಮುಂಬಯಿ ಬೇರೆ, ವಿದರ್ಭ ಬೇರೆ, ಉಳಿದ ಜಿಲ್ಲೆಗಳೆಲ್ಲ ಸೇರಿ ಮಹಾರಾಷ್ಟ್ರ. ಮುಂಬಯಿ 42 ಸಲ ರಣಜಿ ಗೆದ್ದಿದೆ. ನಾಗಪುರದ ವಿದರ್ಭ 2017-18ರಿಂದ 2024-25ರೊಳಗೆ ಮೂರು ಸಲ ಗೆದ್ದಿತು. ನಡುವೆ ಕುಳಿತ ಮಹಾರಾಷ್ಟ್ರ ಗೆದ್ದದ್ದು 1939-40ರಲ್ಲಿ ಮತ್ತು 1940-41ರಲ್ಲಿ, ಡಿ.ಬಿ. ದೇವಧರ್ ನಾಯಕರಾಗಿದ್ದಾಗ. ಅದನ್ನು ಕಣ್ಣಾರೆ ಕಂಡವರು ಇಂದು ಸಿಗುವುದು ಕಷ್ಟ. ಹಾಗಾಗಿ ಇಲ್ಲಿನ ನೆಚ್ಚಿನ ವರ್ಷ ಎಂದರೆ ಕೈಗೆ ಬಂದದ್ದು ಬಾಯಿಗೆ ಬಾರದ ವರ್ಷಗಳಲ್ಲೇ ಒಂದು. ಕನ್ನಡಿಗನಾಗಿ ಈ ತಂಡವನ್ನು ಹಲವು ವರ್ಷ ಹಿಂಬಾಲಿಸುತ್ತ ಬಂದ ನನಗೆ ಇದು ಒಂದು ಸಣ್ಣ ಪ್ರಯೋಗಶಾಲೆಯ ಹಾಗೆ ಕಾಣುತ್ತದೆ. ಕಪ್ಪಿನ ಆಯ್ಕೆಯೇ ಇಲ್ಲದಿರುವಾಗ ಜನ ಏನನ್ನು ನೋಡಿ ಪ್ರೀತಿಸುತ್ತಾರೆ ಎಂಬುದು ಇಲ್ಲಿ ಸ್ವಚ್ಛವಾಗಿ ತಿಳಿಯುತ್ತದೆ.

ಸುಲಭವಾಗಿ ಸಿಗುವ ಉತ್ತರ, ಕೂದಲೆಳೆಯಲ್ಲಿ ತಪ್ಪಿದ ಗೆಲುವು ಹೆಚ್ಚು ಕಾಡುತ್ತದೆ ಎಂಬುದು. ಲೆಕ್ಕ ಇದಕ್ಕೆ ಒಪ್ಪುವುದಿಲ್ಲ. ಮಹಾರಾಷ್ಟ್ರದ ಅಭಿಮಾನಿಗಳು ಅಕ್ಕರೆಯಿಂದ ನೆನೆಯುವ 2013-14ರ ಫೈನಲ್ ಕೂದಲೆಳೆಯದ್ದೇನೂ ಅಲ್ಲ, ಮತ್ತು ಅದನ್ನು ಗೆದ್ದವರು ಕರ್ನಾಟಕದ ನಾವೇ. ಹೈದರಾಬಾದಿನ ಉಪ್ಪಲ್‌ನಲ್ಲಿ ಮಹಾರಾಷ್ಟ್ರ ಮೊದಲು 305 ಮಾಡಿತು. ಕೆ.ಎಲ್. ರಾಹುಲ್ ಮತ್ತು ಗಣೇಶ್ ಸತೀಶ್ ಶತಕಗಳ ಬಲದಿಂದ ಕರ್ನಾಟಕ 515ಕ್ಕೆ ಹೋಯಿತು. ಅಲ್ಲಿಗೇ ಪಂದ್ಯದ ಗತಿ ಗೊತ್ತಾಗಿತ್ತು. ಎರಡನೇ ಇನ್ನಿಂಗ್ಸಿನಲ್ಲಿ ಮಹಾರಾಷ್ಟ್ರ 366 ಹೊಡೆದರೂ ನಾಯಕ ವಿನಯ್ ಕುಮಾರ್ ಬಳಗಕ್ಕೆ ಉಳಿದ ಗುರಿ 157 ಮಾತ್ರ, ಏಳು ವಿಕೆಟ್‌ಗಳ ಗೆಲುವು. ಇದನ್ನು ಯಾರೂ ದುರದೃಷ್ಟ ಎನ್ನಲಾರರು. ಆದರೂ ಪ್ರೀತಿ ಕಡಿಮೆಯಾಗಿಲ್ಲ. ಅಂದರೆ ಅದು ಹುಟ್ಟಿದ್ದು ಫೈನಲಿನಲ್ಲಿ ಅಲ್ಲ.

ಅದು ಹುಟ್ಟಿದ್ದು ವಾಂಖೆಡೆಯಲ್ಲಿ. ಆ ವರ್ಷ ಮಹಾರಾಷ್ಟ್ರ ಆಡಿದ್ದು ಸಿ ಗುಂಪಿನಲ್ಲಿ. ಎ ಮತ್ತು ಬಿ ಗುಂಪುಗಳಿಂದ ಮೂರು ಮೂರು ತಂಡ ಕ್ವಾರ್ಟರ್ ಫೈನಲಿಗೆ ಹೋದರೆ ಸಿ ಗುಂಪಿನಿಂದ ಎರಡಕ್ಕೆ ಮಾತ್ರ ಜಾಗ. ಹೀಗೆ ಹಿಂಬಾಗಿಲಿನಿಂದ ಬಂದವರಿಗೆ ಎದುರಾದದ್ದು ಮುಂಬಯಿ, ಅದೂ ಅವರದೇ ಅಂಗಳದಲ್ಲಿ. ಮುಂಬಯಿ 402, ಮಹಾರಾಷ್ಟ್ರ 280. 122 ರನ್ನಿನ ಹಿನ್ನಡೆ ಇದ್ದಾಗ ರಣಜಿಯಲ್ಲಿ ಸಾಮಾನ್ಯವಾಗಿ ಪಂದ್ಯ ಮುಗಿಯಿತೆಂದೇ ಅರ್ಥ, ಯಾಕೆಂದರೆ ಡ್ರಾ ಆದರೆ ಮೊದಲ ಇನ್ನಿಂಗ್ಸ್ ಮುನ್ನಡೆ ಪಡೆದವರೇ ಮುಂದಕ್ಕೆ. ಆದರೆ ಮುಂಬಯಿ ಎರಡನೇ ಸಲ 129ಕ್ಕೆ ಕುಸಿಯಿತು. ಬೇಕಿದ್ದ 252ನ್ನು ಮಹಾರಾಷ್ಟ್ರ ಎರಡೇ ವಿಕೆಟ್ ಕಳೆದುಕೊಂಡು ಹೊಡೆದು ಮುಗಿಸಿತು. ಕೇದಾರ್ ಜಾಧವ್ 120, ವಿಜಯ್ ಝೋಲ್ 91, ಇಬ್ಬರೂ ಅಜೇಯ. ಝೋಲ್ ಜಾಲನಾದವರು, ಸಂಭಾಜಿನಗರಕ್ಕೆ ನೆರೆಯ ಜಿಲ್ಲೆ. ಆಮೇಲೆ ಇಂದೋರಿನಲ್ಲಿ ಬಂಗಾಳವನ್ನು ಹತ್ತು ವಿಕೆಟ್‌ಗಳಿಂದ ಮಣಿಸಿದರು. ಹೈದರಾಬಾದಿನ ಫೈನಲಿನಲ್ಲಿ ಮೊದಲ ಇನ್ನಿಂಗ್ಸನ್ನು ಹಿಡಿದು ನಿಲ್ಲಿಸಿದವರು 89 ಹೊಡೆದ ಅಂಕಿತ್ ಬಾವ್ನೆ. ಅವರು ಪೈಠಣದಲ್ಲಿ ಹುಟ್ಟಿ ಸಂಭಾಜಿನಗರದ ಹುಡುಗನೆಂದೇ ಹೆಸರಾದವರು. ಮಹಾರಾಷ್ಟ್ರ ಕ್ರಿಕೆಟ್ ಸಂಸ್ಥೆಯ ಕೇಂದ್ರ ಪುಣೆ, ತಂಡದ ಮಾತೆಲ್ಲ ಪುಣೆಯ ಸುತ್ತಲೇ ತಿರುಗುತ್ತಿದ್ದ ಕಾಲದಲ್ಲಿ ಮರಾಠವಾಡದ ಎರಡು ಹೆಸರುಗಳು ಸ್ಕೋರ್‌ಕಾರ್ಡಿನ ನಡುಮಧ್ಯೆ ಕಂಡವು.

ನನ್ನ ವಾದ ಇಷ್ಟು. ಅಭಿಮಾನಿ ಪ್ರೀತಿಸುವುದು ತನ್ನ ನಿರೀಕ್ಷೆಯನ್ನು ಬದಲಿಸಿದ ವರ್ಷವನ್ನು. ಆ ವರ್ಷಕ್ಕೆ ಮೊದಲು ಮುಂಬಯಿ ಎದುರಾದರೆ ಎಷ್ಟು ರನ್ನಿನಿಂದ ಸೋಲುತ್ತೇವೆ ಎಂದು ಕೇಳುತ್ತಿದ್ದವನು, ಅದಾದ ಮೇಲೆ ಗೆಲ್ಲುವುದು ಹೇಗೆ ಎಂದು ಕೇಳತೊಡಗುತ್ತಾನೆ. ಈ ಬದಲಾವಣೆ ಫೈನಲಿಗೂ ಮೊದಲೇ ಆಗಿಹೋಗಿರುತ್ತದೆ, ಫೈನಲಿನ ಸೋಲು ಅದನ್ನು ಹಿಂದಕ್ಕೆ ಕಿತ್ತುಕೊಳ್ಳಲಾರದು. ಇದನ್ನು ಪರೀಕ್ಷಿಸಬೇಕಾದರೆ ಅದೇ ತಂಡದ ಇನ್ನೊಂದು ಸೋತ ಫೈನಲನ್ನು ಪಕ್ಕಕ್ಕಿಡಬೇಕು. 1970-71ರಲ್ಲೂ ಮಹಾರಾಷ್ಟ್ರ ಫೈನಲಿಗೆ ಹೋಗಿತ್ತು, ಎದುರಿಗಿದ್ದದ್ದು ಮುಂಬಯಿಯೇ. ವಾಡೇಕರ್, ಗಾವಸ್ಕರ್, ಸರ್ದೇಸಾಯಿ, ಸೋಳ್ಕರ್ ಎಲ್ಲ ವೆಸ್ಟ್ ಇಂಡೀಸ್ ಪ್ರವಾಸದಲ್ಲಿದ್ದರು. ಸುಧೀರ್ ನಾಯಕ್ ನಾಯಕತ್ವದಲ್ಲಿ ಉಳಿದವರನ್ನು ಕೂಡಿಸಿಕೊಂಡು ಬಂದ ಮುಂಬಯಿ ಆಗಲೂ ಕಪ್ ಎತ್ತಿತು. ನೆನಪಿಸಿಕೊಳ್ಳಲು ಅಲ್ಲಿಯೂ ಫೈನಲ್ ಇತ್ತು, ಹೋರಾಟವಿತ್ತು, ಕೈತಪ್ಪಿದ ಅವಕಾಶವಿತ್ತು. ಆದರೆ ಆ ವರ್ಷ ಹಳೆಯ ನಿರೀಕ್ಷೆಯನ್ನು ಇನ್ನಷ್ಟು ಗಟ್ಟಿ ಮಾಡಿತು: ಮುಂಬಯಿಯ ಎರಡನೇ ಸಾಲೂ ನಮಗೆ ಭಾರಿ. ಅದನ್ನು ಮುಂಬಯಿಯವರು ಕಥೆ ಮಾಡಿ ಹೇಳುತ್ತಾರೆ, ಮಹಾರಾಷ್ಟ್ರದವರಲ್ಲ. 1992-93ರ ಫೈನಲನ್ನು ಲೂಧಿಯಾನಾದಲ್ಲಿ ಪಂಜಾಬಿಗೆ ಸೋತದ್ದೂ ಹೀಗೇ ದಾಖಲೆಯ ಒಂದು ಸಾಲಾಗಿ ಉಳಿದಿದೆ.

ಹಾಗಾದರೆ 1948-49? ಅದು ನನ್ನ ವಾದಕ್ಕೆ ತುಸು ತೊಡಕು, ಅಡಗಿಸಿಡಲಾರೆ. ಆ ವರ್ಷ ಪುಣೆಯಲ್ಲಿ ಬಿ.ಬಿ. ನಿಂಬಾಳ್ಕರ್ ಕಾಠಿಯಾವಾಡದ ಎದುರು ಅಜೇಯ 443 ಹೊಡೆದರು. ಬ್ರಾಡ್ಮನ್ ಅವರ 452ರ ವಿಶ್ವದಾಖಲೆಗೆ ಒಂಬತ್ತು ರನ್ ಬಾಕಿ ಇದ್ದಾಗ ಎದುರಾಳಿ ನಾಯಕ ರಾಜಕೋಟದ ಠಾಕೂರ್ ಸಾಹೇಬರು ಪಂದ್ಯವನ್ನೇ ಬಿಟ್ಟುಕೊಟ್ಟು ಹೊರಟುಬಿಟ್ಟರು. (ದಾಖಲೆ ತಪ್ಪಿಸಲು ಸೋಲನ್ನೇ ಒಪ್ಪಿಕೊಳ್ಳುವುದು! ಆಟದಲ್ಲಿ ಸೋಲುವುದಕ್ಕೂ ಎಷ್ಟು ಬಗೆಗಳಿವೆ ನೋಡಿ.) ಅದೇ ವರ್ಷ ಮುಂಬಯಿ ಜತೆಗಿನ ಸೆಮಿಫೈನಲಿನಲ್ಲಿ ಎರಡೂ ತಂಡ ಸೇರಿ 2376 ರನ್ ಹೊಡೆದವು. ಪ್ರಥಮ ದರ್ಜೆ ಪಂದ್ಯವೊಂದರಲ್ಲಿ ಬಂದ ಅತಿ ಹೆಚ್ಚು ರನ್ ಅದೇ. 959ರ ಗುರಿ ಬೆನ್ನತ್ತಿದ ಮಹಾರಾಷ್ಟ್ರ 604 ಮಾಡಿಯೂ 354 ರನ್ನಿನಿಂದ ಸೋತಿತು. ಈ ವರ್ಷ ಯಾವ ನಿರೀಕ್ಷೆಯನ್ನೂ ಬದಲಿಸಲಿಲ್ಲ, ಆದರೂ ಉಳಿದಿದೆ. ಆದರೆ ಉಳಿದದ್ದು ಅಂಕಿಯಾಗಿ, ಒಬ್ಬ ಆಟಗಾರನ ಹೆಸರಾಗಿ. ಮೆಚ್ಚುಗೆ ಬೇರೆ, ಅಕ್ಕರೆ ಬೇರೆ ಎಂದು ನಾನು ಬೇರ್ಪಡಿಸುವುದು ಇಲ್ಲಿಯೇ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇನ್ನೊಂದು. ಕಪ್ ಇಲ್ಲದವರು ಇದನ್ನೆಲ್ಲ ಹೇಳಿಕೊಳ್ಳುವುದು ಸಮಾಧಾನಕ್ಕೆ, ಕೈಗೆಟುಕದ ದ್ರಾಕ್ಷಿಯನ್ನು ಹುಳಿ ಎಂದಂತೆ. ದ್ರಾಕ್ಷಿಯ ಊರಾದ ನಾಸಿಕದವರಿಗೆ ಈ ಮಾತು ಇನ್ನೂ ಚುಚ್ಚೀತು. ಇದಕ್ಕೆ ಉತ್ತರ ಕರ್ನಾಟಕದಲ್ಲಿದೆ. 2014-15ರ ಹೊತ್ತಿಗೆ ನಾವು ಎಂಟು ಸಲ ರಣಜಿ ಗೆದ್ದಿದ್ದೆವು, ಸಮಾಧಾನದ ಅಗತ್ಯ ನಮಗಿಲ್ಲ. ಆದರೂ ಮೈಸೂರಿನಲ್ಲಿ 2010ರ ಜನವರಿಯ ಮಾತು ತೆಗೆದರೆ ಜನ ಆ ಎಂಟರಲ್ಲಿ ಕೆಲವನ್ನಾದರೂ ಮರೆಯುತ್ತಾರೆ. ಮಾನಸಗಂಗೋತ್ರಿಯ ಗಂಗೋತ್ರಿ ಗ್ಲೇಡ್ಸಿನಲ್ಲಿ ನಡೆದ ಫೈನಲದು. ಮೊದಲ ಇನ್ನಿಂಗ್ಸಿನಲ್ಲಿ 130ಕ್ಕೆ ಉದುರಿದ ತಂಡ 338 ಬೆನ್ನತ್ತಿ, ಮನೀಶ್ ಪಾಂಡೆಯ 144ರ ಬಲದಿಂದ 331ರವರೆಗೆ ಬಂದು ಆರು ರನ್ನಿನಿಂದ ಮುಂಬಯಿಗೆ ಸೋತಿತು. ಆರು ರನ್ನಿನ ಅಂತರವೇ ಕಾರಣ ಎನ್ನುವವರಿದ್ದಾರೆ. ನಾನು ಆ ಋತುವಿನ ಉಳಿದ ಪುಟಗಳನ್ನು ತೋರಿಸುತ್ತೇನೆ. ಪಾಂಡೆ ಆ ವರ್ಷ ಹೊಡೆದದ್ದು 882 ರನ್. ಅಭಿಮನ್ಯು ಮಿಥುನ್ ತನ್ನ ಮೊದಲ ವರ್ಷದಲ್ಲೇ 47 ವಿಕೆಟ್ ಕಿತ್ತ. ದ್ರಾವಿಡ್ ಮತ್ತು ಕುಂಬ್ಳೆ ನಂತರ ಮುಂದೇನು ಎಂದು ಚಿಂತಿಸುತ್ತಿದ್ದ ರಾಜ್ಯಕ್ಕೆ ಮುಂದಿನ ತಂಡ ಕಂಡದ್ದು ಆಗ. ಬರೀ ಅಂತರವೇ ಕಾರಣವಾಗಿದ್ದರೆ 1981-82ರ ಫೈನಲ್ ಇದಕ್ಕಿಂತ ದೊಡ್ಡ ನೆನಪಾಗಬೇಕಿತ್ತು. ದೆಹಲಿಯಲ್ಲಿ 705 ಹೊಡೆದ ಕರ್ನಾಟಕ, ಎದುರಾಳಿ ಎಂಟು ವಿಕೆಟಿಗೆ 707 ಮಾಡಿದ್ದರಿಂದ ಮೊದಲ ಇನ್ನಿಂಗ್ಸ್ ಲೆಕ್ಕದಲ್ಲಿ ಕಪ್ ಕಳೆದುಕೊಂಡಿತು. ಅದನ್ನು ಹಿರಿಯರು ಹೇಳುವುದು ನಿಟ್ಟುಸಿರಿನೊಂದಿಗೆ.

ದೂರದ ಒಂದು ಸಾಕ್ಷ್ಯವೂ ಇದೆ. ಅಮೆರಿಕದ ಬ್ಯಾಸ್ಕೆಟ್‌ಬಾಲ್ ತಂಡ ಸ್ಯಾಕ್ರಮೆಂಟೊ ಕಿಂಗ್ಸ್‌ಗೆ ಸಿಕ್ಕಿರುವ ಏಕೈಕ ಕಿರೀಟ 1951ರದು, ಅದೂ ಬೇರೆ ಊರಿನಲ್ಲಿ, ರಾಚೆಸ್ಟರ್ ರಾಯಲ್ಸ್ ಎಂಬ ಹೆಸರಿನಲ್ಲಿದ್ದಾಗ. ದೇವಧರರ ಕಪ್ಪಿನ ಹಾಗೆ ಅದೂ ಈಗಿನವರದ್ದಲ್ಲ. ಅಲ್ಲಿನವರ ನೆಚ್ಚಿನ ವರ್ಷ 2001-02. 61 ಪಂದ್ಯ ಗೆದ್ದು, ಲಾಸ್ ಏಂಜಲೀಸ್ ಲೇಕರ್ಸ್ ತಂಡವನ್ನು ಏಳನೇ ಪಂದ್ಯದ ಹೆಚ್ಚುವರಿ ಅವಧಿಯವರೆಗೆ ಎಳೆದು ಸೋತ ವರ್ಷ. ಅದೇ ರಾಜ್ಯದ, ಕಪಾಟು ತುಂಬ ಕಪ್ ಇರುವ ನೆರೆಯ ದೊಡ್ಡ ಊರನ್ನು ಅಲುಗಾಡಿಸಿದ ವರ್ಷ. ಮುಂಬಯಿ ಮತ್ತು ಸಂಭಾಜಿನಗರದ ನಡುವಿನ ನಂಟನ್ನು ಬಲ್ಲವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನೂ ಒಂದು ಮಾತು: ಕೇದಾರ್ ಜಾಧವ್ 2013-14ರಲ್ಲಿ ಆರು ಶತಕಗಳೊಡನೆ ಪೇರಿಸಿದ 1223 ರನ್ನಿನಲ್ಲಿ ಹೆಚ್ಚಿನವು ಸಿ ಗುಂಪಿನ ಸಾಧಾರಣ ಬೌಲಿಂಗಿನ ಎದುರು ಬಂದವಲ್ಲವೇ? ನಿಜ. ಆದರೆ ವಾಂಖೆಡೆಯ 120 ಹಾಗೂ ಕರ್ನಾಟಕದ ಎದುರು ಫೈನಲಿನಲ್ಲಿ ಹೊಡೆದ ಶತಕ ಆ ಪಟ್ಟಿಯಲ್ಲೇ ಇವೆ. ಇದಕ್ಕಿಂತ ಗಂಭೀರವಾಗಿ ನಾನು ತೆಗೆದುಕೊಳ್ಳುವ ಆಕ್ಷೇಪ, ಸೋಲನ್ನು ಮುದ್ದು ಮಾಡಿದರೆ ಸಂಸ್ಥೆಗಳು ಸೋಮಾರಿಯಾಗುತ್ತವೆ ಎಂಬುದು. ‘ಈ ಸಲ ಕಪ್ ನಮ್ದೇ’ ಎಂಬ ನಮ್ಮ ಆರ್‌ಸಿಬಿ ಅಭಿಮಾನಿಗಳ ಘೋಷಣೆಯೇ ವರ್ಷ ವರ್ಷ ಮಾರಾಟದ ಸರಕಾದದ್ದನ್ನು ನೋಡಿದ್ದೇವೆ. ಈ ಮಾತನ್ನು ಅರ್ಧ ಒಪ್ಪುತ್ತೇನೆ. ಅಭಿಮಾನಿಯ ಅಕ್ಕರೆ ಸಂಸ್ಥೆಯ ಪ್ರಗತಿಪತ್ರ ಅಲ್ಲ. 2013-14ನ್ನು ಪ್ರೀತಿಸುವವನೇ, ಅಲ್ಲಿಂದ ಮುಂದೆ ಕಪ್ ಯಾಕೆ ಬರಲಿಲ್ಲ ಎಂದು ಗಟ್ಟಿಯಾಗಿ ಕೇಳಬೇಕಾದವನು. ಏನು ಸಾಧ್ಯ ಎಂಬುದನ್ನು ಕಂಡಿದ್ದರಿಂದಲೇ ಆ ಪ್ರಶ್ನೆಗೆ ಬಲ. ಏನನ್ನೂ ನಿರೀಕ್ಷಿಸದವನು ಯಾರನ್ನೂ ಪ್ರಶ್ನಿಸುವುದಿಲ್ಲ.

ನಾಸಿಕ ಮತ್ತು ಸಂಭಾಜಿನಗರ ಎರಡೂ ಒಂದೇ ವರ್ಷವನ್ನು ಆರಿಸಬೇಕೆಂದೇನೂ ಇಲ್ಲ. ನಾಸಿಕದ ಸ್ಪಿನ್ನರ್ ಸತ್ಯಜೀತ್ ಬಚ್ಛಾವ್ ತಂಡದಲ್ಲಿ ನೆಲೆಯೂರಿದ್ದು 2014ರ ನಂತರ. ಅವರ ಊರಿನವರಿಗೆ 2022ರ ವಿಜಯ್ ಹಜಾರೆ ಟ್ರೋಫಿ ಹೆಚ್ಚು ಹತ್ತಿರದ್ದಾದರೆ ಆಶ್ಚರ್ಯವಿಲ್ಲ. ಋತುರಾಜ್ ಗಾಯಕವಾಡ್ ಉತ್ತರಪ್ರದೇಶದ ಎದುರು ಒಂದೇ ಓವರಿನಲ್ಲಿ ಏಳು ಸಿಕ್ಸರ್ ಹೊಡೆದು ಅಜೇಯ 220 ಮಾಡಿದ್ದು ಆಗಲೇ. ಸೆಮಿಫೈನಲಿನಲ್ಲಿ ಅಸ್ಸಾಮಿನ ಎದುರು ಋತುರಾಜ್ 168, ಬಾವ್ನೆ 110. ಕನ್ನಡಿಗರು ಅಂಬಾಭವಾನಿಯ ದರ್ಶನಕ್ಕೆ ಹೋಗುವ ತುಳಜಾಪುರದ ಹುಡುಗ ರಾಜವರ್ಧನ್ ಹಂಗರ್ಗೇಕರ್ ವೇಗದ ಬೌಲಿಂಗಿನಲ್ಲಿ ಮಿಂಚಿದ. ಫೈನಲಿನಲ್ಲಿ ಋತುರಾಜ್ ಮತ್ತೆ 108 ಹೊಡೆದರೂ ಸೌರಾಷ್ಟ್ರದ ಶೆಲ್ಡನ್ ಜಾಕ್ಸನ್ ಅಜೇಯ 133 ಹೊಡೆದು ಕಪ್ ಒಯ್ದರು. ತಮ್ಮ ಜಿಲ್ಲೆಯ ಹೆಸರು ಯಾವ ವರ್ಷ ಪಟ್ಟಿಗೆ ಬಂತೋ ಆ ವರ್ಷದ ಕಡೆಗೆ ಊರು ವಾಲುತ್ತದೆ. ಇದನ್ನು ಸಣ್ಣತನ ಎಂದು ನಾನು ಹೇಳಲಾರೆ, ಜಿಲ್ಲೆಗಳನ್ನು ಕೂಡಿಸಿ ಕಟ್ಟಿದ ತಂಡಕ್ಕೆ ಬೇರೆ ಆಧಾರವೇನಿದೆ?

2025-26ರಲ್ಲಿ ಮುಂಬಯಿ ಬಿಟ್ಟ ಪೃಥ್ವಿ ಶಾ, ಬೇರೆ ಎರಡು ರಾಜ್ಯಗಳಿಗೆ ಆಡಿ ಬಂದ ಜಲಜ್ ಸಕ್ಸೇನಾ ಮಹಾರಾಷ್ಟ್ರ ಸೇರಿದರು, ರಣಜಿ ತಂಡದ ನಾಯಕತ್ವ ಬಾವ್ನೆಗೆ ಬಂತು. ಹೊರಗಿನಿಂದ ಬಂದವರ ಬಲದಿಂದ ಒಂದು ದಿನ ಕಪ್ ಬಂದರೆ ಜನ ಕುಣಿಯುತ್ತಾರೆ, ಕುಣಿಯಲೇಬೇಕು. ಆದರೆ ನೆಚ್ಚಿನ ವರ್ಷದ ಜಾಗವನ್ನು ಆ ಕಪ್ ತಾನಾಗಿ ಪಡೆಯುತ್ತದೆಂದು ನನಗೆ ಅನ್ನಿಸುವುದಿಲ್ಲ. ಬೆಂಗಳೂರಿನ ನಮ್ಮ ಐಪಿಎಲ್ ತಂಡವನ್ನೇ ನೋಡಿ: ಆರ್‌ಸಿಬಿ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಆರು ರನ್ನಿನಿಂದ ಕಪ್ ಗೆದ್ದಿತು. ಮರುದಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗಿನ ಕಾಲ್ತುಳಿತದಲ್ಲಿ 11 ಜನ ಸತ್ತರು. ಆ ಗೆಲುವಿನ ನೆನಪು ಆ ದುಃಖವನ್ನು ಬಿಟ್ಟು ಬರಲಾರದು. ವಿರಾಟ್ ಕೊಹ್ಲಿ 973 ರನ್ ಹೊಡೆದು, ತಂಡ ಫೈನಲನ್ನು ಎಂಟು ರನ್ನಿನಿಂದ ಸೋತ 2016 ಮಾತ್ರ ಕಪ್ ಬಂದ ಮೇಲೂ ಹರಟೆಯಲ್ಲಿ ತನ್ನ ಜಾಗ ಬಿಟ್ಟುಕೊಟ್ಟಿಲ್ಲ.