ಲೇಪನಕ್ಕೆ ಮುಂಚೆ ಅಡಿಯ ತೇವ ನೋಡಿ

ಶ್ರೀರಂಗಪಟ್ಟಣದ ನಿಮ್ಮ ಹೋಂಸ್ಟೇಯ ಈಜುಕೊಳದ ಸುತ್ತಲಿನ ಹಳೆಯ ಕಾಂಕ್ರೀಟಿಗೆ ಅಲಂಕಾರಿಕ ಲೇಪನ ಹಾಕಿಸಬಹುದು. ಆದರೆ ಈಗಲೇ ಬೇಡ. ಸುತ್ತ ಭತ್ತದ ಗದ್ದೆ ಎಂದು ಬರೆದಿದ್ದೀರಿ. ನಾಲೆಗೆ ನೀರು ಬಿಟ್ಟಾಗ ನೆಲದಡಿಯ ತೇವ ಮೇಲೇರಿ ಲೇಪನವನ್ನು ಕೆಳಗಿನಿಂದಲೇ ಎಬ್ಬಿಸಬಹುದು. ನಾಗಮಂಗಲದ ಒಣನೆಲದಲ್ಲಿ ಬಾಳಿದ ಕೆಲಸ ಪಾಂಡವಪುರದ ನಾಲೆಯಂಚಿನಲ್ಲಿ ಬಾಳಬೇಕೆಂದಿಲ್ಲ. ಹಾಗಾಗಿ ನಾಲೆ ಹರಿಯುವ ದಿನಗಳಲ್ಲೇ ಒಂದೂವರೆ ಅಡಿ ಚದರದ ಪ್ಲಾಸ್ಟಿಕ್ ಹಾಳೆಯನ್ನು ಕಾಂಕ್ರೀಟಿನ ಮೇಲೆ ಹಾಸಿ, ನಾಲ್ಕೂ ಅಂಚಿಗೆ ಟೇಪು ಹಚ್ಚಿ 16 ಗಂಟೆ ಬಿಡಿ. ಅಡಿಯಲ್ಲಿ ಹನಿಗಟ್ಟಿದ್ದರೆ ಕೆಲಸ ಮುಂದೂಡಿ. ಮೇಲೆ ಸೀಲರ್ ಬಳಿದರೆ ಸಾಕೆನ್ನುವ ಮೇಸ್ತ್ರಿಯ ಮಾತು ಮಳೆನೀರಿನ ಮಟ್ಟಿಗೆ ಸರಿ. ಕೆಳಗಿನ ಆವಿಯನ್ನು ಅದು ಒಳಗೇ ಕೂಡಿಹಾಕುತ್ತದೆ. ಹಳೆಯ ಕಾಂಕ್ರೀಟನ್ನು ಪೂರ್ತಿ ಒಡೆಸುವ ಖರ್ಚಿಗೆ ಹೆದರಬೇಡಿ, ಸುತ್ತಿಗೆ ತಟ್ಟಿದಾಗ ಪೊಳ್ಳು ಸದ್ದು ಬರುವಲ್ಲಿ ಮಾತ್ರ ಕಿತ್ತು ಸರಿಪಡಿಸಿದರಾಯಿತು. ಬಣ್ಣದ ಮಾತು ಕೊನೆಗೆ. ಒದ್ದೆ ಕಾಲು ಜಾರದಂತೆ ತರಿತರಿ ಮೇಲ್ಮೈಯನ್ನೇ ಕೇಳಿ.