ಗ್ರಾಫ್ ಹಾಳೆಯಿಂದ ಶಾಪ್ ಫ್ಲೋರ್‌ಗೆ

ಪ್ರಶ್ನೆ: ನಾನು ಪಾವಗಡ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯ ಗಣಿತ ಶಿಕ್ಷಕ. ನಮ್ಮ ಮಕ್ಕಳಿಗೆ ಫ್ಯಾಕ್ಟರಿ ಅಂದರೆ ಗಾರ್ಮೆಂಟ್ಸ್ ಒಂದೇ. ಸಿಎನ್‌ಸಿ (ಕಂಪ್ಯೂಟರ್ ನಿಯಂತ್ರಿತ ಯಂತ್ರ), ರೋಬೋಟ್ ಇರುವ ಈಗಿನ ಕಾರ್ಖಾನೆಯ ಕೆಲಸ ಪರಿಚಯಿಸುವ ಆಸೆ. ಶಾಲೆಯಲ್ಲಿ ಯಂತ್ರವಿಲ್ಲ, ದುಡ್ಡೂ ಇಲ್ಲ. ಯಾರನ್ನಾದರೂ ಕರೆಸಿ ಭಾಷಣ ಮಾಡಿಸಲೇ?

ಉತ್ತರ: ಭಾಷಣ ಬೇಡ ಮೇಷ್ಟ್ರೇ. ಬಿಸಿಯೂಟ ಆದಮೇಲಿನ ಭಾಷಣ ಯಾರ ತಲೆಗೂ ಇಳಿಯುವುದಿಲ್ಲ. ನೀವು ಗಣಿತದವರು, ಅರ್ಧ ಕೆಲಸ ನಿಮ್ಮ ಕೈಯಲ್ಲೇ ಇದೆ. ನೀವು ಕಲಿಸುವ ಎಕ್ಸ್, ವೈ ಅಕ್ಷಗಳ ಮೇಲೇ ಸಿಎನ್‌ಸಿ ಓಡುವುದು. ಅದಕ್ಕೆ ಕೊಡುವ ಆದೇಶಗಳೂ ಸರಳ. ಜಿ00 ಅಂದರೆ ಏನನ್ನೂ ಕತ್ತರಿಸದೆ ಬೇಗ ಹೋಗು. ಜಿ01 ಅಂದರೆ ಲೋಹ ಕೊರೆಯುತ್ತ ನೇರ ಹೋಗು. ಜಿ02 ಅಂದರೆ ಗಡಿಯಾರದ ದಿಕ್ಕಿಗೆ ಕಮಾನು ಹೊಡೆ. ಒಬ್ಬಳು ‘ಜಿ01 ಎಕ್ಸ್ 40 ವೈ 25’ ಎಂದು ಓದಲಿ, ಇನ್ನೊಬ್ಬ ಗ್ರಾಫ್ ಹಾಳೆಯ ಮೇಲೆ ಪೆನ್ಸಿಲ್ ಓಡಿಸಲಿ. ಓದುವವಳು ಹಾಳೆ ನೋಡಬಾರದು. ಗೆರೆ ಎಳೆಯುವವನು ಸ್ವಂತ ಬುದ್ಧಿ ಓಡಿಸಬಾರದು. 25 ಇದ್ದಲ್ಲಿ 52 ಎಂದು ಓದಿದರೆ ಪೆನ್ಸಿಲ್ ಎಲ್ಲೋ ಹೋಗುತ್ತದೆ, ಮಕ್ಕಳು ನಗುತ್ತಾರೆ. ಕಾರ್ಖಾನೆಯಲ್ಲಾದರೆ ಟೂಲ್ ಮುರಿದು, ಜಾಬ್ (ಕತ್ತರಿಸುತ್ತಿದ್ದ ಲೋಹದ ತುಂಡು) ಗುಜರಿಗೆ ಹೋಗಿರುತ್ತಿತ್ತು ಎಂದು ಆಗ ಹೇಳಿ.

ಮತ್ತೊಂದು ದಿನ ಹತ್ತಿರದ ಐಟಿಐಯಿಂದ ಮೈಕ್ರೋಮೀಟರ್ ಕೇಳಿ ತನ್ನಿ. ಪ್ರತಿಯೊಬ್ಬರೂ ತಮ್ಮ ತಲೆಗೂದಲು ಅಳೆಯಲಿ. ಸಾಮಾನ್ಯವಾಗಿ 0.05ರಿಂದ 0.1 ಮಿಲಿಮೀಟರ್ ಒಳಗೆ ಬರುತ್ತದೆ. ಬೇರಿಂಗ್ ಕೂರುವ ಶಾಫ್ಟ್ ಆ ಕೂದಲಿನ ಕಾಲುಭಾಗದಷ್ಟು ಹೆಚ್ಚು ದಪ್ಪವಾದರೂ ರಿಜೆಕ್ಟ್ ಆಗಬಹುದು.

ಕೊನೆಗೆ ಒಂದು ಕಾರ್ಖಾನೆ ತೋರಿಸಿ. ಗುಬ್ಬಿ ಹತ್ತಿರ 2023ರಲ್ಲಿ ಶುರುವಾದ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆಯ ಹೆಸರು ಹೇಳಿದರೆ ಮಕ್ಕಳು ಕುಣಿದಾರು. ಆದರೆ ಅದು ರಕ್ಷಣಾ ಕಾರ್ಖಾನೆ, ಒಳಗೆ ಬಿಡಿಸಿಕೊಳ್ಳುವುದು ಸುಲಭವಲ್ಲ. ತುಮಕೂರು ಕಡೆಯ ನಾಲ್ಕು ಯಂತ್ರದ ಸಣ್ಣ ಶೆಡ್ಡೇ ಸಾಕು. ಮಾಲೀಕರ ಜತೆ ಫೋಟೊ ಮುಗಿಸಿ, ಇಪ್ಪತ್ತು–ಇಪ್ಪತ್ತೆರಡರ ಆಪರೇಟರ್ ಜತೆ ಮಾತಾಡಲು ಬಿಡಿ.

ಪ್ರಶ್ನೆ: ಮಗ ಎಸ್ಸೆಸ್ಸೆಲ್ಸಿಯೊಳಗ ಶೇ 58 ತಗೊಂಡಾನ್ರಿ. ಪಿಯುಸಿ ಸೈನ್ಸ್ ಹಚ್ಚಬೇಕೋ, ಐಟಿಐ ಹಚ್ಚಬೇಕೋ? ಮಂದಿ ಐಟಿಐ ಅಂದ್ರ ದಡ್ಡರ ಸಾಲಿ ಅಂತಾರ. – ರೈತ, ಬೈಲಹೊಂಗಲ

ಉತ್ತರ: ಮಂದಿ ಮಾತು ಬಿಡಿ. ಟರ್ನರ್, ಮೆಷಿನಿಸ್ಟ್ ಟ್ರೇಡ್ ಎರಡು ವರ್ಷ. ಅದು ಮುಗಿಸಿ ಡಿಪ್ಲೊಮಾದ ಎರಡನೇ ವರ್ಷಕ್ಕೆ, ಡಿಪ್ಲೊಮಾ ಮುಗಿಸಿ ಬಿಇ ಎರಡನೇ ವರ್ಷಕ್ಕೆ ಸೇರುವ ದಾರಿ ಇದೆ. ನನ್ನ ಒಲವು ಮಾತ್ರ ಜಿಟಿಟಿಸಿ (ಸರ್ಕಾರಿ ಉಪಕರಣಾಗಾರ ಮತ್ತು ತರಬೇತಿ ಕೇಂದ್ರ) ಕಡೆಗೆ. ಡೆನ್ಮಾರ್ಕ್ ನೆರವಿನಿಂದ 1972ರಲ್ಲಿ ಬೆಂಗಳೂರಿನಲ್ಲಿ ಶುರುವಾದ ಸರ್ಕಾರಿ ಸಂಸ್ಥೆ, ಬೆಳಗಾವಿಯಲ್ಲೂ ಕೇಂದ್ರವಿದೆ. ಅಲ್ಲಿನ ಟೂಲ್ ಅಂಡ್ ಡೈ ಮೇಕಿಂಗ್ ಡಿಪ್ಲೊಮಾದಲ್ಲಿ ಮೂರು ವರ್ಷ ಓದು, ಒಂದು ವರ್ಷ ಕಾರ್ಖಾನೆಯಲ್ಲಿ ತರಬೇತಿ. ಇಂಥ ಕೆಲಸ ದೂರವೂ ಅಲ್ಲ, ನಿಮ್ಮ ಜಿಲ್ಲೆಯ ಹತ್ತರಗಿಯಲ್ಲೇ ವಿಮಾನದ ಬಿಡಿಭಾಗಗಳು ತಯಾರಾಗುತ್ತವೆ.

ಎಲ್ಲಿ ಸೇರಿಸುವ ಮೊದಲೂ ವರ್ಕ್‌ಶಾಪ್ ಒಳಗೆ ಹೋಗಿ ನೋಡಿ. ಯಂತ್ರದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇನ್ನೂ ಹಾಗೇ ಇದ್ದರೆ, ನೆಲದಲ್ಲಿ ಒಂದು ಚೂರು ಲೋಹದ ಸಿಪ್ಪೆಯೂ ಕಾಣದಿದ್ದರೆ, ವಾಪಸ್ ಬನ್ನಿ. ಶುರುವಿನ ಸಂಬಳ ಕಡಿಮೆ, ರಾತ್ರಿ ಪಾಳಿ ಇರುತ್ತದೆ, ಇಡೀ ದಿನ ನಿಂತೇ ಕೆಲಸ. ಇದನ್ನು ಮಗನಿಗೆ ಮುಚ್ಚಿಡಬೇಡಿ. ಬರೀ ಜಾಬ್ ಇಟ್ಟು ಗುಂಡಿ ಒತ್ತುವವನ ಸಂಬಳ ಹೆಚ್ಚು ಏರುವುದಿಲ್ಲ. ಯಂತ್ರದ ಸೆಟ್ಟಿಂಗ್, ಪ್ರೋಗ್ರಾಮಿಂಗ್ ಬಂದರೆ ಏರುತ್ತದೆ.

ಪ್ರಶ್ನೆ: ನಾನು ಹತ್ತನೇ ತರಗತಿ. ನಮ್ಮೂರ ಅಕ್ಕಂದಿರು ನರಸಾಪುರದ ಫೋನ್ ಕಂಪನಿಗೆ ಹೋಗುತ್ತಾರೆ. ಪರೀಕ್ಷೆ ಮುಗಿಸಿ ನಾನೂ ಹೋಗಲಾ? – ವಿದ್ಯಾರ್ಥಿನಿ, ಮಾಲೂರು ತಾಲ್ಲೂಕು

ಉತ್ತರ: ಈಗಲೇ ಬೇಡ ತಂಗಿ. ಜೋಡಣೆ ಸಾಲಿನ ಕೆಲಸ ತಿಂಗಳಲ್ಲಿ ಕಲಿಯಬಹುದು, ಆಮೇಲೆ ಅದೇ ಕೆಲಸ. ಅದೇ ಕಾರ್ಖಾನೆಯಲ್ಲಿ ಯಂತ್ರ ಕೆಟ್ಟಾಗ ಓಡಿ ಬರುವವರು ಮೆಕಾಟ್ರಾನಿಕ್ಸ್, ಎಲೆಕ್ಟ್ರಾನಿಕ್ಸ್ ಓದಿದವರು. ಬಿಡದಿಯಲ್ಲಿ 2007ರಿಂದಿರುವ ಟೊಯೋಟಾ ತರಬೇತಿ ಸಂಸ್ಥೆ ಹಳ್ಳಿ ಮಕ್ಕಳನ್ನೇ ಎಸ್ಸೆಸ್ಸೆಲ್ಸಿ ನಂತರ ತೆಗೆದುಕೊಳ್ಳುತ್ತದೆ. ಊಟ, ವಸತಿ ಅಲ್ಲೇ. ಈಚೆಗೆ ಹುಡುಗಿಯರಿಗೂ ಸೀಟು ಇದೆ. ಪ್ರವೇಶ ಪರೀಕ್ಷೆ ಯಾವಾಗ ಎಂದು ನಿಮ್ಮ ಹೆಡ್‌ಮೇಷ್ಟ್ರ ಹತ್ತಿರ ಈಗಲೇ ವಿಚಾರಿಸು. ಆ ಅಕ್ಕಂದಿರನ್ನೂ ಒಂದು ಭಾನುವಾರ ಮನೆಗೆ ಕರೆದು ಅಮ್ಮನ ಎದುರಿಗೇ ಬಸ್ಸು, ಪಾಳಿ, ರಜೆ ಎಲ್ಲ ಕೇಳು.