ಎರಡು ಪಟ್ಟಿ, ಒಂದು ಪ್ರಶ್ನೆ

ಗಣಿತದ ಪಾಠದಲ್ಲಿ ಗಣಗಳ ಸಂಯೋಗವೆಂಬುದನ್ನು ನೀವು ಕಲಿತಿರುವಿರಿ. ಒಂದು ಗಣದಲ್ಲಿ 2, 4, 6 ಇದ್ದು ಇನ್ನೊಂದರಲ್ಲಿ 6, 8 ಇದ್ದರೆ, ಅವುಗಳ ಸಂಯೋಗದಲ್ಲಿ 2, 4, 6, 8 ಎಂಬ ನಾಲ್ಕೇ ಅಂಶಗಳಿರುತ್ತವೆ; 6 ಎರಡು ಬಾರಿ ಬರುವುದಿಲ್ಲ. ಈ ಸಣ್ಣ ನಿಯಮವನ್ನು ಮರೆತು ಕಳೆದ ವರ್ಷ ನಾವು ಒಬ್ಬ ವಿದ್ಯಾರ್ಥಿನಿಯನ್ನು ಬರಿಗೈಯಲ್ಲಿ ನಿಲ್ಲಿಸಿದೆವು. ಆ ಸಂಗತಿಯನ್ನು ಹೇಳಿದರೆ ಗಣಕಯಂತ್ರದ ಒಂದು ಮುಖ್ಯ ಪಾಠವೂ ಅದರೊಡನೆ ಬರುತ್ತದೆ.

ನಮ್ಮ ಎಂಟನೆಯ ತರಗತಿಯು ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಎಂದು ಎರಡಾಗಿದೆ. ಗಣಕಯಂತ್ರದಲ್ಲಿಯೂ ಪಾಳಿಗೊಂದರಂತೆ ಎರಡು ಕೋಷ್ಟಕಗಳಿವೆ. ಒಬ್ಬೊಬ್ಬ ವಿದ್ಯಾರ್ಥಿಗೆ ಒಂದೊಂದು ಸಾಲು, ಸಾಲಿನಲ್ಲಿ ಜಿ.ಆರ್. ನಂಬರು, ಹೆಸರು, ಪಾಲಕರ ಹೆಸರು ಮುಂತಾದ ಕಾಲಮುಗಳು. ಜನವರಿಯಲ್ಲಿ ಎಲ್ಲರಿಗೂ ಒಂದೊಂದು ನಿಘಂಟು ಕೊಡುವುದೆಂದು ನಿಶ್ಚಯವಾದಾಗ ನಾವು ಯಂತ್ರವನ್ನು ಹೀಗೆ ಕೇಳಿದೆವು:

ಸೆಲೆಕ್ಟ್ ಹೆಸರು ಫ್ರಮ್ ಬೆಳಗಿನ_ಪಾಳಿ
ಯೂನಿಯನ್
ಸೆಲೆಕ್ಟ್ ಹೆಸರು ಫ್ರಮ್ ಮಧ್ಯಾಹ್ನದ_ಪಾಳಿ

(ಈ ಆಜ್ಞಾಪದಗಳನ್ನು ಯಂತ್ರಕ್ಕೆ ಇಂಗ್ಲಿಷ್ ಅಕ್ಷರಗಳಲ್ಲಿಯೇ ಕೊಡಬೇಕು, ಇಲ್ಲಿ ಓದುವ ಅನುಕೂಲಕ್ಕಾಗಿ ಕನ್ನಡದಲ್ಲಿ ಬರೆದಿದ್ದೇವೆ.) ಎರಡು ಕೋಷ್ಟಕಗಳ ಸಾಲುಗಳನ್ನು ಒಂದೇ ಪಟ್ಟಿಯಾಗಿ ಕೂಡಿಸುವ ಪ್ರಶ್ನೆ ಇದು. ಬೆಳಗಿನ ಪಾಳಿಯಲ್ಲಿ 41, ಮಧ್ಯಾಹ್ನದಲ್ಲಿ 37; ಒಟ್ಟು 78 ಸಾಲುಗಳು. ಬಂದ ಪಟ್ಟಿಯಲ್ಲಿದ್ದುದು 76. ನಾವು ಲೆಕ್ಕ ಕೂಡಿಸಿ ನೋಡಲಿಲ್ಲ. 76 ನಿಘಂಟುಗಳನ್ನೇ ತರಿಸಿದೆವು. ವಿತರಣೆಯ ದಿನ ಎರಡೂ ಪಾಳಿಯವರು ಕೂಡಿದ್ದಾಗ, ಒಂದು ಹೆಸರನ್ನು ಕರೆದೊಡನೆ ಇಬ್ಬರು ಹುಡುಗಿಯರು ಎದ್ದು ಬಂದರು. ಪಾಳಿಗೊಬ್ಬರು, ಹೆಸರು ಮಾತ್ರ ಒಂದೇ. ಒಬ್ಬಳಿಗೆ ಪುಸ್ತಕ ದೊರೆಯಿತು. "ಸರ್, ನನ್ನದು ಎಲ್ಲಿ?" ಎಂದಳು ಇನ್ನೊಬ್ಬಳು. ಶೆಟ್ಟಿ, ಪೂಜಾರಿ ಎಂಬ ಅಡ್ಡಹೆಸರುಗಳೇ ತುಂಬಿರುವ ಮುಂಬಯಿಯ ಕನ್ನಡ ಶಾಲೆಯಲ್ಲಿ ಇದನ್ನು ಮೊದಲೇ ಊಹಿಸಬೇಕಾಗಿತ್ತು.

ಯಂತ್ರ ತಪ್ಪಿತೆಂದು ಹೇಳುವಂತಿಲ್ಲ. 1970ರಲ್ಲಿ ಐ.ಬಿ.ಎಂ. ಸಂಸ್ಥೆಯ ಎಡ್ಗರ್ ಕಾಡ್ ಎಂಬವರು ದತ್ತಾಂಶವನ್ನು ಇಂತಹ ಕೋಷ್ಟಕಗಳಲ್ಲಿಡುವ ಪದ್ಧತಿಯನ್ನು ಪ್ರತಿಪಾದಿಸಿದಾಗ ಗಣಸಿದ್ಧಾಂತವನ್ನೇ ತಳಹದಿಯಾಗಿ ತೆಗೆದುಕೊಂಡರು. 1974ರಲ್ಲಿ ಅದೇ ಸಂಸ್ಥೆಯ ಡೊನಾಲ್ಡ್ ಚೇಂಬರ್ಲಿನ್, ರೇಮಂಡ್ ಬಾಯ್ಸ್ ಎಂಬವರು ಪ್ರಕಟಿಸಿದ ಭಾಷೆಯೇ ಬೆಳೆದು ಇಂದಿನ ಎಸ್‌ಕ್ಯೂಎಲ್ ಆಗಿದೆ. ಆದ್ದರಿಂದ ಯೂನಿಯನ್ ಎಂದರೆ ನಿಮ್ಮ ಗಣಿತದ ಸಂಯೋಗವೇ. ಸಾಲುಗಳು ಒಂದೇ ಬಗೆಯಾಗಿದ್ದರೆ ಒಂದನ್ನುಳಿಸಿ ಮಿಕ್ಕವನ್ನು ಬಿಡುತ್ತದೆ. ನಾವು ಹೆಸರನ್ನಷ್ಟೇ ತೋರಿಸಿದೆವು. ಅವರು ಇಬ್ಬರೆಂದು ಅದಕ್ಕೆ ತಿಳಿಯುವ ಬಗೆ ಯಾವುದು?

ಅಂದು ಸಂಜೆಯೇ ಅವಸರದಲ್ಲಿ 'ಯೂನಿಯನ್ ಆಲ್' ಎಂದು ತಿದ್ದಿದೆವು. ಇದು ಯಾವ ಸಾಲನ್ನೂ ಬಿಡುವುದಿಲ್ಲ. 78 ಬಂದವು, ಲೆಕ್ಕ ಸರಿಹೋಯಿತೆಂದು ಹಿಗ್ಗಿದೆವು. ಆದರೆ ದೀಪಾವಳಿಯ ತರುವಾಯ ಬೆಳಗಿನಿಂದ ಮಧ್ಯಾಹ್ನದ ಪಾಳಿಗೆ ಬಂದ ಹುಡುಗನೊಬ್ಬನ ಹೆಸರು ಹಳೆಯ ಕೋಷ್ಟಕದಲ್ಲಿಯೂ ಹಾಗೆಯೇ ಉಳಿದಿತ್ತು. ಅವನಿಗೆ ಎರಡು ನಿಘಂಟು!

ಕಡೆಗೆ ಯೂನಿಯನ್ನನ್ನೇ ಇರಿಸಿ, ಹೆಸರಿನೊಡನೆ ಜಿ.ಆರ್. ನಂಬರನ್ನೂ ಕೇಳಿದೆವು. ಜನರಲ್ ರಿಜಿಸ್ಟರಿನ ಈ ಸಂಖ್ಯೆ ಒಬ್ಬರದು ಇನ್ನೊಬ್ಬರಿಗಿಲ್ಲ. ಹುಡುಗಿಯರು ಇಬ್ಬರಾದರು, ಹುಡುಗ ಒಬ್ಬನಾದನು, ಪಟ್ಟಿಯಲ್ಲಿ 77. ಅವನ ಹೆಸರನ್ನು ಒಂದೆಡೆ 'ವಿಠಲ', ಇನ್ನೊಂದೆಡೆ 'ವಿಟ್ಠಲ' ಎಂದು ಬರೆದಿದ್ದರೆ ಆಗಲೂ ಎರಡು ಸಾಲುಗಳೇ ಬರುತ್ತಿದ್ದವು.

ಇನ್ನೊಂದು ಮಾತು. ಎರಡೂ ಕಡೆ ಕಾಲಮುಗಳ ಸಂಖ್ಯೆ ಸಮನಾಗಿರಬೇಕು, ಕ್ರಮವೂ ಒಂದೇ ಇರಬೇಕು. ಯಂತ್ರವು ಕಾಲಮಿನ ಹೆಸರನ್ನು ನೋಡುವುದಿಲ್ಲ, ಸ್ಥಾನವನ್ನು ನೋಡುತ್ತದೆ. ಮೇಲೆ ಹೆಸರು, ಪಾಲಕರು ಎಂದು ಕೇಳಿ, ಕೆಳಗೆ ಪಾಲಕರು, ಹೆಸರು ಎಂದು ಕೇಳಿದರೆ ಅದು ತಕರಾರಿಲ್ಲದೆ ತಂದೆಯರನ್ನು ಎಂಟನೆಯ ತರಗತಿಯಲ್ಲಿ ಕೂರಿಸಿಬಿಡುತ್ತದೆ. ಒಬ್ಬನೇ ವಿದ್ಯಾರ್ಥಿಯ ಹೆಸರನ್ನು ಒಂದು ಕೋಷ್ಟಕದಿಂದಲೂ ಅಂಕಗಳನ್ನು ಇನ್ನೊಂದರಿಂದಲೂ ತೆಗೆದು ಅಕ್ಕಪಕ್ಕದಲ್ಲಿಡುವುದು 'ಜಾಯಿನ್' ಎಂಬ ಬೇರೆ ಕ್ರಮ. ಅದನ್ನು ಇದರೊಡನೆ ಬೆರೆಸಬಾರದು.

ಮರುದಿನ ಮಧ್ಯಾಹ್ನ ಇನ್ನೊಂದು ನಿಘಂಟನ್ನು ಕೊಂಡು ತಂದು, ಆ ಹುಡುಗಿಯ ತರಗತಿಗೇ ಹೋಗಿ ಕೊಟ್ಟೆವು. ಮೊದಲ ಪುಟದಲ್ಲಿ ಅವಳ ಹೆಸರಿನ ಪಕ್ಕಕ್ಕೆ ಜಿ.ಆರ್. ನಂಬರನ್ನೂ ಬರೆದಿದ್ದೆವು.